ತಿಳಿನೀರಿನಲ್ಲೇ ಆಕ್ಸೊಲಾಟಲ್ ಸಾಯುವುದೇಕೆ? ಉತ್ತರ 1890ರಲ್ಲೇ ಸಿಕ್ಕಿತ್ತು: ವಿಜ್ಞಾನಿ ವಿನೊಗ್ರಾಡ್‌ಸ್ಕಿ ಬದುಕಿನ ಕಥೆ

ಹೊಸ ಟ್ಯಾಂಕ್, ಹೊಸ ಫಿಲ್ಟರ್, ತಳ ಕಾಣುವಷ್ಟು ತಿಳಿಯಾದ ನೀರು. ಅದರೊಳಗೆ ಕಿವಿರುಗಳನ್ನು ಗರಿಯಂತೆ ಹರಡಿಕೊಂಡು ಕುಳಿತ, ಸದಾ ನಗುತ್ತಿರುವಂತೆ ಕಾಣುವ ಆಕ್ಸೊಲಾಟಲ್. ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಮೇಲೆ ಅದು ತಿನ್ನುವುದನ್ನು ಬಿಡುತ್ತದೆ. ಕಿವಿರಿನ ಗರಿಗಳು ಸೊರಗುತ್ತವೆ. ಮನೆಯವರು ಗಾಬರಿಯಾಗಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದು, ಹೊಸ ನೀರು ತುಂಬುತ್ತಾರೆ. ಮತ್ತೆ ಅದೇ ಕಥೆ. ಕೊನೆಗೆ ಪ್ರಾಣಿ ಸಾಯುತ್ತದೆ. ನೀರು ಮಾತ್ರ ಆಗಲೂ ತಿಳಿಯಾಗಿಯೇ ಇರುತ್ತದೆ.

ಸಾಕುಪ್ರಾಣಿಗಳ ಬಗ್ಗೆ ಮೊಬೈಲ್‌ನಲ್ಲಿ ಹರಿದಾಡುವ ಸಲಹೆಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಕಾಣಿಸುತ್ತವೆ. ಒಂದು, ನೀರು ತಿಳಿಯಾಗಿದ್ದರೆ ಶುದ್ಧವಾಗಿದೆ ಎಂದರ್ಥ. ಎರಡು, ವಾರಕ್ಕೊಮ್ಮೆ ಟ್ಯಾಂಕನ್ನೂ ಫಿಲ್ಟರನ್ನೂ ಪೂರ್ತಿ ತೊಳೆಯಬೇಕು. ಮೂರು, ಆರ್‌ಒ ನೀರು ಹಾಕಿದರೆ ಯಾವ ಚಿಂತೆಯೂ ಇಲ್ಲ. ಈ ಮೂರೂ ತಪ್ಪು. ಯಾಕೆ ತಪ್ಪು ಎಂದು ನೇರವಾಗಿ ಪಟ್ಟಿ ಮಾಡಿ ಹೇಳಬಹುದು. ಆದರೆ ಪಟ್ಟಿ ಮರೆತುಹೋಗುತ್ತದೆ, ಕಥೆ ನೆನಪಿರುತ್ತದೆ. ಹಾಗಾಗಿ ಇವತ್ತು ನಾವು ಒಬ್ಬ ವಿಜ್ಞಾನಿಯ ಬದುಕನ್ನು ಹೇಳುತ್ತೇವೆ. ಅವರ ಹೆಸರು ಸೆರ್ಗೈ ವಿನೊಗ್ರಾಡ್‌ಸ್ಕಿ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಬಹಳ ದೊಡ್ಡ ಹೆಸರು. ಟ್ಯಾಂಕ್ ಅಂಗಡಿಯಲ್ಲಿ ಮಾತ್ರ ಯಾರೂ ಹೇಳದ ಹೆಸರು.

ಮೊದಲು, ಈ ಪ್ರಾಣಿ ಯಾವುದು?

ಆಕ್ಸೊಲಾಟಲ್ ಮೀನಲ್ಲ. ಕಪ್ಪೆಗಳ ಹಾಗೆ ಉಭಯವಾಸಿಗಳ ಗುಂಪಿಗೆ ಸೇರಿದ ಸಾಲಮಾಂಡರ್. ಇದರ ತವರು ಮೆಕ್ಸಿಕೊ ಕಣಿವೆಯ ಸರೋವರಗಳು. ಈಗ ಕಾಡಿನಲ್ಲಿ ಉಳಿದಿರುವುದು ಮೆಕ್ಸಿಕೊ ನಗರದ ಅಂಚಿನ ಸೊಚಿಮಿಲ್ಕೊ ಕಾಲುವೆಗಳಲ್ಲಿ, ಅದೂ ತೀರಾ ಕಡಿಮೆ. ಕಪ್ಪೆಯ ಮರಿ ಬೆಳೆದು ನೆಲಕ್ಕೆ ಬರುತ್ತದೆ. ಆದರೆ ಆಕ್ಸೊಲಾಟಲ್ ಸಾಮಾನ್ಯವಾಗಿ ಹಾಗೆ ಬದಲಾಗುವುದಿಲ್ಲ. ಮರಿಯ ಕಿವಿರುಗಳನ್ನು ಇಟ್ಟುಕೊಂಡೇ ದೊಡ್ಡದಾಗಿ, ಮೊಟ್ಟೆಯಿಟ್ಟು, ನೀರಿನಲ್ಲೇ ಬದುಕು ಮುಗಿಸುತ್ತದೆ.

1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್‌ಗೆ 34 ಆಕ್ಸೊಲಾಟಲ್‌ಗಳು ಬಂದವು. ಅವುಗಳಲ್ಲಿ 6 ಪ್ರಾಣಿಶಾಸ್ತ್ರಜ್ಞ ಒಗ್ಯುಸ್ತ್ ದ್ಯುಮೆರಿಲ್ ಅವರ ಕೈ ಸೇರಿದವು. ಮರುವರ್ಷ ಅವು ಮೊಟ್ಟೆಯಿಟ್ಟವು. ಆ ಸಂತತಿ ಯುರೋಪಿನ ಪ್ರಯೋಗಾಲಯಗಳಿಗೆ ಹಂಚಿಹೋಯಿತು. ಹೀಗೆ ಒಂದು ಇಡೀ ತಲೆಮಾರು ಆಕ್ಸೊಲಾಟಲ್‌ಗಳನ್ನು ತೊಟ್ಟಿಗಳಲ್ಲಿ ಸಾಕಿತು. ಆದರೆ ಆ ತೊಟ್ಟಿಗಳ ನೀರಿನಲ್ಲಿರುವ ವಿಷವನ್ನು ತೆಗೆಯುತ್ತಿರುವುದು ಯಾರು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ವಿಷ ಯಾವುದು? ಅಮೋನಿಯಾ. ಎರೆಹುಳು ತಿಂದ ಆಕ್ಸೊಲಾಟಲ್, ಅದರಲ್ಲಿನ ಪ್ರೋಟೀನನ್ನು ಬಳಸಿ ಉಳಿದ ಸಾರಜನಕವನ್ನು ಬಹುಪಾಲು ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ. ಇದಕ್ಕೆ ಬಣ್ಣವಿಲ್ಲ. ಪ್ರಾಣಿಯನ್ನು ಕೊಲ್ಲುವಷ್ಟು ಪ್ರಮಾಣದಲ್ಲಿದ್ದರೂ ನಮ್ಮ ಮೂಗಿಗೆ ವಾಸನೆ ಬಾರದೆ ಹೋಗಬಹುದು. ತಿಳಿನೀರಿನ ಮೋಸ ಇರುವುದು ಇಲ್ಲೇ.

ತಿಪ್ಪೆಗುಂಡಿಯ ಒಗಟು

ಹಾಗಾದರೆ ಕೆರೆಯಲ್ಲಿ ಮೀನುಗಳು ಯಾಕೆ ಸಾಯುವುದಿಲ್ಲ? ಗೊಬ್ಬರದ ಗುಂಡಿಯ ಘಾಟು ತಿಂಗಳುಗಳಲ್ಲಿ ಎಲ್ಲಿ ಹೋಗುತ್ತದೆ? ಸಗಣಿ, ಗಂಜಲ ಬಿದ್ದ ಮಣ್ಣಿನಲ್ಲಿ ಪೆಟ್ಲುಪ್ಪು ಹುಟ್ಟುತ್ತದೆ ಎಂಬುದು ಮದ್ದಿನ ಪುಡಿ ಮಾಡುವವರಿಗೆ ಶತಮಾನಗಳಿಂದ ಗೊತ್ತಿತ್ತು. ಪೆಟ್ಲುಪ್ಪು ಎಂದರೆ ನೈಟ್ರೇಟ್. ಅಮೋನಿಯಾ ಹೇಗೋ ನೈಟ್ರೇಟ್ ಆಗುತ್ತದೆ. ಅದು ಬರೀ ಗಾಳಿಯ ಆಮ್ಲಜನಕದಿಂದ ಆಗುವ ರಾಸಾಯನಿಕ ಕ್ರಿಯೆ ಎಂದು ಹಲವರು ನಂಬಿದ್ದರು.

1877ರಲ್ಲಿ ಫ್ರಾನ್ಸಿನ ಶ್ಲೇಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದರು. ಮರಳು ಮತ್ತು ಸುಣ್ಣದ ಪುಡಿ ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯಾ ಕಡಿಮೆಯಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೊಫಾರ್ಮ್ ಆವಿ ಬಿಟ್ಟಾಗ ಕ್ರಿಯೆ ನಿಂತಿತು. ತೋಟದ ಮಣ್ಣಿನ ತೊಳೆನೀರು ಹಾಕಿದಾಗ ಮತ್ತೆ ಶುರುವಾಯಿತು. ಅಂದರೆ ಈ ಕೆಲಸ ಮಾಡುತ್ತಿದ್ದದ್ದು ಜೀವವಿರುವ ಏನೋ ಒಂದು.

ಆ ಏನೋ ಒಂದನ್ನು ಹಿಡಿಯಲು ಹಲವರು ಹೊರಟರು. ಅವರಲ್ಲಿ ಇಂಗ್ಲೆಂಡಿನ ರೋತಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ರಾಬರ್ಟ್ ವಾರಿಂಗ್ಟನ್ ಒಬ್ಬರು. ಇವರ ತಂದೆಯ ಹೆಸರೂ ರಾಬರ್ಟ್ ವಾರಿಂಗ್ಟನ್. ತಂದೆ 1850ರಲ್ಲಿ ಗೋಲ್ಡ್‌ಫಿಶ್, ನೀರುಗಿಡ ಮತ್ತು ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿಟ್ಟು, ಸಮತೋಲನದ ಅಕ್ವೇರಿಯಂ ಎಂಬ ಕಲ್ಪನೆಯನ್ನು ಜನಪ್ರಿಯಗೊಳಿಸಿದವರು. ಅಪ್ಪ ತೊಟ್ಟಿಯ ನೀರು ಕೆಡದಂತೆ ನೋಡಿಕೊಂಡರು. ಮಗ ಅಮೋನಿಯಾ ನೈಟ್ರೇಟ್ ಆಗುವುದು ಎರಡು ಹಂತಗಳಲ್ಲಿ ಎಂದು ಕಂಡುಕೊಂಡರು. ಆದರೆ ಕೆಲಸ ಮಾಡುವ ಜೀವಿಯನ್ನು ಬೇರ್ಪಡಿಸಲು ಪಟ್ಟ ಪಾಡು ವರ್ಷಗಟ್ಟಲೆ ಫಲ ಕೊಡಲಿಲ್ಲ. ಆ ಒಗಟು ಬಿಡಿಸಿದ್ದು ವಿನೊಗ್ರಾಡ್‌ಸ್ಕಿ.

ಕಾನೂನು ಬೇಡ, ಪಿಯಾನೊ ಸಾಲದು

ವಿನೊಗ್ರಾಡ್‌ಸ್ಕಿ ಹುಟ್ಟಿದ್ದು 1856ರಲ್ಲಿ, ಕೀವ್ ನಗರದಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದ ಭಾಗ, ಈಗ ಉಕ್ರೇನಿನ ರಾಜಧಾನಿ. ಶ್ರೀಮಂತ ಮನೆತನ. ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಏನು ಮಾಡಬೇಕೆಂಬ ಗೊಂದಲ ಮಾತ್ರ ಬೇಕಾದಷ್ಟಿತ್ತು.

1873ರಲ್ಲಿ ಕೀವ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದರು. ಅದು ಹಿಡಿಸಲಿಲ್ಲ. ವಿಜ್ಞಾನ ವಿಭಾಗಕ್ಕೆ ಬದಲಾಯಿಸಿಕೊಂಡರು. ಅದೂ ಆಗ ಬೇಸರ ತರಿಸಿತು. ಓದು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗಿನ ಸಂಗೀತ ಶಾಲೆಗೆ ಹೋಗಿ ಪಿಯಾನೊ ಕಲಿಯತೊಡಗಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅದನ್ನೂ ಬಿಟ್ಟರು. 1877ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿಜ್ಞಾನಕ್ಕೆ ಸೇರಿದರು. ನಮ್ಮ ಮನೆಗಳಲ್ಲಾದರೆ ಈ ಹುಡುಗ ಯಾವುದರಲ್ಲೂ ನಿಲ್ಲುವುದಿಲ್ಲ ಎಂದು ನೆಂಟರೆಲ್ಲ ತೀರ್ಮಾನ ಕೊಟ್ಟಿರುತ್ತಿದ್ದರು.

ಈ ಬಾರಿ ನಿಂತರು. ಸಸ್ಯಶಾಸ್ತ್ರಜ್ಞ ಫಾಮಿನ್‌ತ್ಸಿನ್ ಅವರ ಬಳಿ ಸೂಕ್ಷ್ಮಜೀವಿಗಳ ಆಹಾರದ ಬಗ್ಗೆ ಕೆಲಸ ಶುರುಮಾಡಿದರು. ಒಂದು ಜೀವಿಗೆ ಇದನ್ನು ಕೊಟ್ಟರೆ ಏನಾಗುತ್ತದೆ, ಅದನ್ನು ತೆಗೆದರೆ ಏನಾಗುತ್ತದೆ ಎಂಬ ಸರಳ ಪ್ರಶ್ನೆಗಳು. ಆ ಪ್ರಶ್ನೆಗಳು ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಒಂದು ಹನಿ ನೀರು, ದಿನಗಟ್ಟಲೆ ಕಾವಲು

1885ರಲ್ಲಿ ಅವರು ಸ್ಟ್ರಾಸ್‌ಬರ್ಗ್‌ಗೆ ಹೋದರು. ಅಲ್ಲಿದ್ದವರು ಹೆಸರಾಂತ ಸಸ್ಯಶಾಸ್ತ್ರಜ್ಞ ಆಂಟನ್ ಡಿ ಬಾರಿ. ವಿನೊಗ್ರಾಡ್‌ಸ್ಕಿ ಆರಿಸಿಕೊಂಡ ಜೀವಿ ಬೆಗ್ಗಿಯಾಟೊವಾ. ಕೊಳೆತ ಮೊಟ್ಟೆಯ ವಾಸನೆ ಬರುವ ಗಂಧಕದ ಚಿಲುಮೆಗಳಲ್ಲಿ ಬಿಳಿ ನೂಲಿನಂತೆ ಬೆಳೆಯುವ ಬ್ಯಾಕ್ಟೀರಿಯಾ ಇದು.

ಅದನ್ನು ಬೇರ್ಪಡಿಸಿ ಬೆಳೆಸುವುದು ಕಷ್ಟವಾಗಿತ್ತು. ಅವರು ಸೂಕ್ಷ್ಮದರ್ಶಕದ ಗಾಜಿನ ಮೇಲೆ ಒಂದು ಹನಿಯಲ್ಲಿ ಅದನ್ನಿಟ್ಟು, ಹನಿಯ ನೀರನ್ನು ಮತ್ತೆ ಮತ್ತೆ ಬದಲಿಸುತ್ತ, ದಿನಗಟ್ಟಲೆ ಅದೇ ನೂಲುಗಳನ್ನು ನೋಡಿದರು. ಗಂಧಕದ ಅನಿಲ ಇರುವ ನೀರು ಕೊಟ್ಟರೆ ಒಳಗೆ ಗಂಧಕದ ಕಣಗಳು ತುಂಬಿಕೊಳ್ಳುತ್ತಿದ್ದವು. ನಿಲ್ಲಿಸಿದರೆ ಕಣಗಳು ಕರಗುತ್ತಿದ್ದವು, ಆಮೇಲೆ ಜೀವಿ ಸೊರಗುತ್ತಿತ್ತು. ನಾವು ಅನ್ನದಿಂದ ಶಕ್ತಿ ಪಡೆಯುವಂತೆ ಈ ಜೀವಿ ಗಂಧಕದಿಂದ ಶಕ್ತಿ ಪಡೆಯುತ್ತದೆ ಎಂದು ಅವರು 1887ರಲ್ಲಿ ಪ್ರಕಟಿಸಿದರು. ಕಲ್ಲು, ಗಾಳಿ, ಉಪ್ಪುಗಳಂಥ ನಿರ್ಜೀವ ವಸ್ತುವಿನಿಂದಲೇ ಶಕ್ತಿ ಪಡೆದು ಬದುಕುವ ಜೀವಿಗಳಿವೆ ಎಂಬ ಮಾತು ಆ ಕಾಲಕ್ಕೆ ತೀರಾ ಹೊಸದು.

1888ರ ಆರಂಭದಲ್ಲಿ ಡಿ ಬಾರಿ ತೀರಿಕೊಂಡರು. ವಿನೊಗ್ರಾಡ್‌ಸ್ಕಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ಗೆ ಬಂದರು. ಅಮೋನಿಯಾದ ಒಗಟನ್ನು ಕೈಗೆತ್ತಿಕೊಂಡಿದ್ದು ಅಲ್ಲಿ.

ಊಟ ಹಾಕದೆ ಬೆಳೆಸಿದ ಬ್ಯಾಕ್ಟೀರಿಯಾ

ಆ ಕಾಲದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಎಲ್ಲರೂ ಬಳಸುತ್ತಿದ್ದದ್ದು ಜೆಲಾಟಿನ್ ಮತ್ತು ಮಾಂಸದ ಸಾರು. ಒಳ್ಳೆಯ ಊಟ ಹಾಕಿದರೆ ಯಾವ ಜೀವಿಯೂ ಬೆಳೆಯುತ್ತದೆ ಎಂಬ ಲೆಕ್ಕ. ಆದರೆ ಜೆಲಾಟಿನ್ ಮೇಲೆ ಬೆಳೆದ ಯಾವ ಬ್ಯಾಕ್ಟೀರಿಯಾವೂ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತಿರಲಿಲ್ಲ. ಬೇರೆಯವರು ಎಡವಿದ್ದು ಇಲ್ಲೇ.

ವಿನೊಗ್ರಾಡ್‌ಸ್ಕಿ ಉಲ್ಟಾ ಯೋಚಿಸಿದರು. ಗಂಧಕ ತಿನ್ನುವ ಜೀವಿಯನ್ನು ಅವರು ಆಗಲೇ ನೋಡಿದ್ದರು. ಅಮೋನಿಯಾ ತಿನ್ನುವ ಜೀವಿಯೂ ಹಾಗೆಯೇ ಇರಬಹುದಲ್ಲವೇ? ಅವರು ಮಾಂಸದ ಸಾರನ್ನು ಪೂರ್ತಿ ಕೈಬಿಟ್ಟರು. ನೀರು, ಅಮೋನಿಯಾದ ಲವಣ, ಒಂದಿಷ್ಟು ಖನಿಜ, ತಳದಲ್ಲಿ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ಅಷ್ಟೇ. ಸಾಮಾನ್ಯ ಬ್ಯಾಕ್ಟೀರಿಯಾಗಳು ಉಪವಾಸ ಬೀಳುವಂಥ ಊಟ. ಅದರಲ್ಲೇ ಇವರಿಗೆ ಬೇಕಾದದ್ದು ಬೆಳೆಯಿತು.

ಇಲ್ಲಿ ಟ್ಯಾಂಕ್ ಇಟ್ಟವರು ಗಮನಿಸಬೇಕಾದ ಮೂರು ಸಂಗತಿಗಳಿವೆ.

ಮೊದಲನೆಯದು, ಆ ಬ್ಯಾಕ್ಟೀರಿಯಾ ಇದ್ದದ್ದು ಎಲ್ಲಿ? ಮೇಲಿನ ನೀರು ಹೆಚ್ಚಿನ ಕಾಲ ತಿಳಿಯಾಗಿಯೇ ಇರುತ್ತಿತ್ತು. ಅವು ತಳದ ಕಾರ್ಬೊನೇಟ್ ಕಣಗಳಿಗೆ ಅಂಟಿಕೊಂಡು ಕುಳಿತಿದ್ದವು. ನಿಮ್ಮ ಟ್ಯಾಂಕಿನಲ್ಲೂ ಹೀಗೆಯೇ. ಅಮೋನಿಯಾ ತೆಗೆಯುವ ಬ್ಯಾಕ್ಟೀರಿಯಾಗಳು ಬಹುಪಾಲು ನೀರಿನಲ್ಲಿ ತೇಲುವುದಿಲ್ಲ. ಫಿಲ್ಟರಿನ ಸ್ಪಂಜು, ತಳದ ಮರಳು, ಕಲ್ಲುಗಳ ಮೇಲೆ ತೆಳುವಾದ ಲೋಳೆಯ ಪದರವಾಗಿ ಅಂಟಿರುತ್ತವೆ. ಕಂದುಬಣ್ಣದ ಜಿಡ್ಡು ಸ್ಪಂಜು ಕೊಳಕಲ್ಲ, ಅದೇ ಟ್ಯಾಂಕಿನ ಯಕೃತ್ತು. ಅದನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಉಜ್ಜಿ ತೊಳೆದರೆ ತಿಂಗಳುಗಳ ದುಡಿಮೆ ಚರಂಡಿಗೆ ಹೋಗುತ್ತದೆ.

ಎರಡನೆಯದು, ಕಾರ್ಬೊನೇಟ್ ಯಾಕೆ ಬೇಕಿತ್ತು? ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ಹೀರಿಕೊಳ್ಳಲು ಏನಾದರೂ ಇರಬೇಕು. ಇಲ್ಲದಿದ್ದರೆ ನೀರು ಹುಳಿಯಾಗುತ್ತ ಹೋಗಿ ಬ್ಯಾಕ್ಟೀರಿಯಾದ ಕೆಲಸವೇ ಕುಂಟುತ್ತದೆ. ಪಿಎಚ್ 6ರ ಆಸುಪಾಸಿಗೆ ಇಳಿದರೆ ಬಹುತೇಕ ನಿಂತೇಹೋಗಬಹುದು. ಆರ್‌ಒ ನೀರಿನಲ್ಲಿ ಈ ಕಾರ್ಬೊನೇಟ್ ಬಹುತೇಕ ಇರುವುದಿಲ್ಲ. ಜೊತೆಗೆ ಆಕ್ಸೊಲಾಟಲ್‌ಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಇರುವುದಿಲ್ಲ. ಬರೀ ಆರ್‌ಒ ನೀರು ತುಂಬುವುದು ಎಂದರೆ ವಿನೊಗ್ರಾಡ್‌ಸ್ಕಿ ತಳದಲ್ಲಿ ಹಾಕಿದ್ದ ಪುಡಿಯನ್ನು ಕಿತ್ತು ಹಾಕಿದಂತೆ.

ಮೂರನೆಯದು, ನಿಧಾನ. ಕೆಲವು ಬ್ಯಾಕ್ಟೀರಿಯಾಗಳು ಒಳ್ಳೆಯ ಊಟ ಸಿಕ್ಕರೆ 20 ನಿಮಿಷಕ್ಕೆ ಇಮ್ಮಡಿಯಾಗುತ್ತವೆ. ಅಮೋನಿಯಾ ತಿಂದು ಬದುಕುವವು ಹಾಗಲ್ಲ. ಅವಕ್ಕೆ ಅನುಕೂಲ ಪರಿಸ್ಥಿತಿಯಲ್ಲೂ ಹಲವು ಗಂಟೆ ಬೇಕು, ತಣ್ಣನೆಯ ನೀರಿನಲ್ಲಿ ಒಂದು ದಿನಕ್ಕೂ ಹೆಚ್ಚು ಬೇಕಾಗಬಹುದು. ಅಮೋನಿಯಾದಲ್ಲಿರುವ ಶಕ್ತಿ ಅಷ್ಟು ಕಡಿಮೆ. ಆ ಚೂರು ಶಕ್ತಿಯಿಂದಲೇ ಅವು ಕತ್ತಲಲ್ಲಿ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಮೈ ಕಟ್ಟಿಕೊಳ್ಳಬೇಕು. ಬಿಸಿಲೇ ಇಲ್ಲದೆ ಹೀಗೆ ಬದುಕು ಕಟ್ಟಿಕೊಳ್ಳುವುದು ಸಾಧ್ಯ ಎಂದು ಅಳತೆ ಮಾಡಿ ತೋರಿಸಿದ್ದು ವಿನೊಗ್ರಾಡ್‌ಸ್ಕಿಯ ದೊಡ್ಡ ಸಾಧನೆ. 1890ರಿಂದ ಅವರು ಈ ಫಲಿತಾಂಶಗಳನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಎರಡು ಹಂತ, ಎರಡು ತಂಡ

ಈ ಕೆಲಸ ಮೆಚ್ಚಿದ ಪಾಶ್ಚರ್ ಸಂಸ್ಥೆ ಅವರನ್ನು ಪ್ಯಾರಿಸ್‌ಗೆ ಕರೆಯಿತು. ಅವರು ಹೋಗಲಿಲ್ಲ. 1891ರಲ್ಲಿ ತಾಯ್ನಾಡಿಗೆ ಮರಳಿ ಸೇಂಟ್ ಪೀಟರ್ಸ್‌ಬರ್ಗಿನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆ ಸೇರಿದರು. ನಾಯಿಗಳ ಜೊಲ್ಲಿನ ಪ್ರಯೋಗದಿಂದ ಹೆಸರಾದ ಪಾವ್ಲೊವ್ ಕೆಲಸ ಮಾಡುತ್ತಿದ್ದದ್ದೂ ಇದೇ ಸಂಸ್ಥೆಯಲ್ಲಿ.

ಅಲ್ಲಿ ಅವರು ಎರಡು ತಂಡಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. ಒಂದು ತಂಡ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಹೆಸರುಗಳನ್ನು ಕೊಟ್ಟವರು ಅವರೇ.

ಹೊಸ ಟ್ಯಾಂಕಿನಲ್ಲಿ ಪ್ರಾಣಿಗಳು ಸಾಮಾನ್ಯವಾಗಿ ಎರಡು ಸಲ ಗಂಡಾಂತರಕ್ಕೆ ಸಿಕ್ಕುವುದು ಇದೇ ಕಾರಣಕ್ಕೆ. ಮೊದಲು ಅಮೋನಿಯಾ ಏರುತ್ತದೆ. ಅದು ಕಿವಿರು ಮತ್ತು ಚರ್ಮವನ್ನು ಸುಡುತ್ತದೆ. ಆಕ್ಸೊಲಾಟಲ್ ತೆಳು ಚರ್ಮದ ಮೂಲಕವೂ ಉಸಿರಾಡುವುದರಿಂದ ಅದಕ್ಕೆ ಪೆಟ್ಟು ಹೆಚ್ಚು. ಮೊದಲ ತಂಡ ಬೆಳೆದ ಮೇಲೆ ಅಮೋನಿಯಾ ಇಳಿಯುತ್ತದೆ, ಆದರೆ ನೈಟ್ರೈಟ್ ಏರುತ್ತದೆ. ಅದು ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕ ಹೊರಲಾಗದಂತೆ ಬದಲಿಸುತ್ತದೆ. ನೀರಿನಲ್ಲಿ ಬೇಕಾದಷ್ಟು ಗಾಳಿ ಇದ್ದರೂ ಪ್ರಾಣಿ ಒಳಗೇ ಉಸಿರುಕಟ್ಟುತ್ತದೆ. ಎರಡನೇ ತಂಡವೂ ಬೆಳೆದ ಮೇಲೆ ಉಳಿಯುವುದು ನೈಟ್ರೇಟ್. ಅದರ ವಿಷ ಕಡಿಮೆ. ಆಗಾಗ ಸ್ವಲ್ಪ ನೀರು ಬದಲಿಸಿ ಹೊರಹಾಕಿದರೆ ಸಾಕು.

ಪಿಎಚ್ ಕೂಡ ಇಲ್ಲಿ ಆಟ ಆಡುತ್ತದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ಹೆಚ್ಚು ವಿಷ, ಇನ್ನೊಂದು ಕಡಿಮೆ ವಿಷ. ಪಿಎಚ್ 7ರಿಂದ 8ಕ್ಕೆ ಏರಿದರೆ ಹೆಚ್ಚು ವಿಷದ ರೂಪ ಸುಮಾರು 10 ಪಟ್ಟು ಆಗುತ್ತದೆ. ನೀರು ಬಿಸಿಯಾದರೂ ಅದು ಹೆಚ್ಚುತ್ತದೆ. ಹೀಗಾಗಿ ಒಂದೇ ಪ್ರಮಾಣದ ಅಮೋನಿಯಾ ಒಬ್ಬರ ಮನೆಯಲ್ಲಿ ಪ್ರಾಣಿಯನ್ನು ಉಳಿಸಬಹುದು, ಇನ್ನೊಬ್ಬರ ಮನೆಯಲ್ಲಿ ಕೊಲ್ಲಬಹುದು.

ಎಲ್ಲ ಬಿಟ್ಟು ಹೋದ ವರ್ಷಗಳು

ಪೀಟರ್ಸ್‌ಬರ್ಗಿನಲ್ಲಿ ವಿನೊಗ್ರಾಡ್‌ಸ್ಕಿ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಗಾಳಿಯ ಸಾರಜನಕವನ್ನು ಹಿಡಿದಿಡುವ, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಬ್ಯಾಕ್ಟೀರಿಯಾ ಒಂದನ್ನು ಬೇರ್ಪಡಿಸಿ ಅದಕ್ಕೆ ಪಾಶ್ಚರ್ ಅವರ ಹೆಸರಿಟ್ಟರು. 1902ರಲ್ಲಿ ಸಂಸ್ಥೆಯ ನಿರ್ದೇಶಕರಾದರು. ಆದರೆ ಆರೋಗ್ಯ ಕೈಕೊಟ್ಟಿತು. 1905ರಲ್ಲಿ, 50 ತುಂಬುವ ಮೊದಲೇ, ಎಲ್ಲ ಬಿಟ್ಟು ಪೊಡೋಲಿಯಾ ಸೀಮೆಯ ತಮ್ಮ ಜಮೀನಿಗೆ ಹೋದರು. ಬೇಸಾಯ, ಮರ ಬೆಳೆಸುವುದು, ಸಂಸಾರ. ವಿಜ್ಞಾನ ಮುಗಿಯಿತು ಎಂದೇ ಎಲ್ಲರೂ ಭಾವಿಸಿದ್ದರು.

1917ರಲ್ಲಿ ಕ್ರಾಂತಿಯಾಯಿತು, ಹಿಂದೆಯೇ ಅಂತರ್ಯುದ್ಧ ಬಂತು. ಜಮೀನು ಹೋಯಿತು, ಆಸ್ತಿ ಹೋಯಿತು. 60 ದಾಟಿದ ಮನುಷ್ಯ ದೇಶ ಬಿಟ್ಟು ಸ್ವಿಟ್ಜರ್‌ಲೆಂಡಿಗೆ, ಅಲ್ಲಿಂದ 1921ರಲ್ಲಿ ಬೆಲ್‌ಗ್ರೇಡ್‌ಗೆ ಬಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಬೇಕಾಯಿತು.

1922ರಲ್ಲಿ ಪಾಶ್ಚರ್ ಸಂಸ್ಥೆಯಿಂದ ಮತ್ತೆ ಕರೆ ಬಂತು. ಆಗಿನ ನಿರ್ದೇಶಕ ಎಮಿಲ್ ರೂ ಅವರನ್ನು ಆಹ್ವಾನಿಸಿದರು. 30 ವರ್ಷ ಹಿಂದೆ ಬೇಡವೆಂದಿದ್ದ ಆಹ್ವಾನವನ್ನು ಈ ಬಾರಿ ಒಪ್ಪಿಕೊಂಡರು. ಪ್ಯಾರಿಸ್ ಹತ್ತಿರದ ಬ್ರೀ-ಕೋಂತ್-ರೊಬೇರ್ ಎಂಬ ಊರಿನಲ್ಲಿ ಅವರಿಗೊಂದು ಪ್ರಯೋಗಾಲಯ ಸಿಕ್ಕಿತು. 66ನೇ ವಯಸ್ಸಿನಲ್ಲಿ ಎರಡನೇ ವೃತ್ತಿಜೀವನ. ಪ್ರಯೋಗಾಲಯದ ಸಾರಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ನೋಡಿ ಮಣ್ಣಿನ ಬಗ್ಗೆ ತೀರ್ಮಾನ ಮಾಡಬಾರದು, ಮಣ್ಣಿನಲ್ಲೇ ಅವು ಹೇಗಿರುತ್ತವೋ ಹಾಗೆಯೇ ನೋಡಬೇಕು ಎಂಬುದು ಆಗ ಅವರ ಹಟ. ಮಗಳು ಹೆಲೆನ್ ಕೂಡ ಕೆಲಸದಲ್ಲಿ ಜೊತೆಯಾದರು. 1940ರಲ್ಲಿ, ಜರ್ಮನ್ ಸೇನೆ ಫ್ರಾನ್ಸನ್ನು ಆಕ್ರಮಿಸಿದ ವರ್ಷ, ಅವರು ನಿವೃತ್ತರಾದರು. 1949ರಲ್ಲಿ, 90 ದಾಟಿದ ಮೇಲೆ, ತಮ್ಮ ಜೀವಮಾನದ ಕೆಲಸವನ್ನು ಒಂದು ದೊಡ್ಡ ಪುಸ್ತಕವಾಗಿ ಹೊರತಂದರು. 1953ರ ಫೆಬ್ರುವರಿಯಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 96.

ಅವರಿಗೆ ಗೊತ್ತಿಲ್ಲದೇ ಇದ್ದದ್ದು

ವಿಜ್ಞಾನದಲ್ಲಿ ಯಾರ ಮಾತೂ ಕೊನೆಯದಲ್ಲ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಎರಡನೇ ಹಂತದ ಕೆಲಸ ಮಾಡುತ್ತಿರುವುದು ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಗುಂಪಿನ ಬ್ಯಾಕ್ಟೀರಿಯಾ ಎಂದು ತೋರಿಸಿತು. 2015ರಲ್ಲಿ ಇನ್ನೂ ದೊಡ್ಡ ಅಚ್ಚರಿ ಬಂತು. ಎರಡೂ ಹಂತಗಳನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂಬುದು ಪತ್ತೆಯಾಯಿತು. ಅಂದರೆ ವಿನೊಗ್ರಾಡ್‌ಸ್ಕಿ ಕಂಡದ್ದು ಸುಳ್ಳಲ್ಲ, ಆದರೆ ಚಿತ್ರ ಇನ್ನೂ ದೊಡ್ಡದಿತ್ತು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಹಾಕಿದರೆ ಅದೇ ದಿನ ಟ್ಯಾಂಕ್ ಸಿದ್ಧ ಎಂಬ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ ಎನ್ನಲು ಇದೂ ಒಂದು ಕಾರಣ. ಒಳಗೆ ಸರಿಯಾದ ಬ್ಯಾಕ್ಟೀರಿಯಾ ಇದೆಯೇ, ಇದ್ದರೂ ಜೀವಂತವಾಗಿದೆಯೇ ಎಂಬುದನ್ನು ಬಾಟಲಿಯ ಚೀಟಿ ಹೇಳುವುದಿಲ್ಲ. ಪರೀಕ್ಷೆ ಮಾಡಿಯೇ ತಿಳಿಯಬೇಕು.

ಹಾಗಾದರೆ ಮಾಡಬೇಕಾದ್ದೇನು?

ಆಕ್ಸೊಲಾಟಲ್ ತರುವ ಮೊದಲೇ ಟ್ಯಾಂಕ್ ಸಿದ್ಧಪಡಿಸಿ. ಪ್ರಾಣಿ ಇಲ್ಲದ ಟ್ಯಾಂಕಿಗೆ ಅಮೋನಿಯಾದ ಮೂಲ ಕೊಟ್ಟು, ಫಿಲ್ಟರ್ ಓಡಿಸುತ್ತ ಕಾಯಬೇಕು. ಲೀಟರಿಗೆ 2 ಮಿಲಿಗ್ರಾಂನಷ್ಟು ಅಮೋನಿಯಾ ಹಾಕಿದರೆ 24 ಗಂಟೆಯಲ್ಲಿ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಆಗಬೇಕು. ಆಗ ಟ್ಯಾಂಕ್ ಸಿದ್ಧ. ಇದಕ್ಕೆ ಸಾಮಾನ್ಯವಾಗಿ 4ರಿಂದ 8 ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ನೀರು ಬೆಚ್ಚಗಿದ್ದರೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಪ್ರಾಣಿ ಬಿಡುವ ಮೊದಲು ತಣ್ಣಗೆ ಮಾಡಿದರಾಯಿತು.

ಆಮೇಲೆ ಗುರಿ ಇಷ್ಟು:

- ಅಮೋನಿಯಾ: ಸೊನ್ನೆ
- ನೈಟ್ರೈಟ್: ಸೊನ್ನೆ
- ನೈಟ್ರೇಟ್: ಲೀಟರಿಗೆ 20 ಮಿಲಿಗ್ರಾಂ ಒಳಗೆ
- ಪಿಎಚ್: 6.5ರಿಂದ 8ರ ನಡುವೆ, 7.4ರಿಂದ 7.6 ಒಳ್ಳೆಯದು
- ಉಷ್ಣತೆ: 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ದಾಟಿದರೆ ಪ್ರಾಣಿಗೆ ಅಪಾಯ

ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗದಷ್ಟು ನೀರು ಬದಲಿಸಿ, ಪೂರ್ತಿ ಬೇಡ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ. ಒಂದು ದಿನ ಬಕೆಟ್ಟಿನಲ್ಲಿಟ್ಟರೆ ಕ್ಲೋರಿನ್ ಹೋಗಬಹುದು, ಆದರೆ ಕೆಲವೆಡೆ ಬಳಸುವ ಕ್ಲೋರಮೈನ್ ಹೋಗುವುದಿಲ್ಲ. ಬೋರ್‌ವೆಲ್ ನೀರಾದರೆ ಮೊದಲು ನೈಟ್ರೇಟ್ ಪರೀಕ್ಷಿಸಿ. ಗೊಬ್ಬರ ಮತ್ತು ಚರಂಡಿಯ ನೈಟ್ರೇಟ್ ಅಂತರ್ಜಲಕ್ಕೆ ಇಳಿದ ಊರುಗಳು ಕರ್ನಾಟಕದಲ್ಲೂ ಇವೆ. ಕುಡಿಯುವ ನೀರಿಗೆ ಭಾರತದ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ಅಂದರೆ ನಮಗೆ ಕುಡಿಯಲು ಯೋಗ್ಯವಾದ ನೀರು ಆಕ್ಸೊಲಾಟಲ್‌ಗೆ ಹೆಚ್ಚಾಗಬಹುದು.

ಸ್ಪಂಜು ಕಟ್ಟಿಕೊಂಡರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ, ಮತ್ತೆ ಅದನ್ನೇ ಹಾಕಿ. ಅಮೋನಿಯಾ ಅಥವಾ ನೈಟ್ರೈಟ್ ಕಾಣಿಸಿದರೆ ಪ್ರಾಣಿಯನ್ನು ಕ್ಲೋರಿನ್ ತೆಗೆದ ತಣ್ಣನೆಯ ನೀರಿನ ಟಬ್ಬಿಗೆ ಬದಲಿಸಿ, ಆ ಟಬ್ಬಿನ ನೀರನ್ನು ದಿನವೂ ಪೂರ್ತಿ ಬದಲಿಸಿ. ಟಬ್ಬಿನಲ್ಲಿ ಬ್ಯಾಕ್ಟೀರಿಯಾ ಇಲ್ಲವಾದ್ದರಿಂದ ಅಲ್ಲಿ ಪೂರ್ತಿ ಬದಲಿಸುವುದೇ ಸರಿ. ಅತ್ತ ಟ್ಯಾಂಕ್ ತನ್ನ ಪಾಡಿಗೆ ಸುಧಾರಿಸಿಕೊಳ್ಳಲಿ.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ನೀರನ್ನು 18 ಡಿಗ್ರಿಯಲ್ಲಿಡಲು ಚಿಲ್ಲರ್ ಬೇಕು. ಆಗಾಗ ಐಸ್ ಬಾಟಲಿ ಇಳಿಸಿದರೆ ಉಷ್ಣತೆ ಏರಿಳಿದು ಪ್ರಾಣಿ ಬಳಲುತ್ತದೆ. ಚಿಲ್ಲರ್ ಇಡಲು ಆಗದಿದ್ದರೆ ಆಕ್ಸೊಲಾಟಲ್ ತರದೇ ಇರುವುದೇ ಅದರ ಮೇಲಿನ ಪ್ರೀತಿ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಪ್ರಾಣಿಯೂ ಹೌದಾದ್ದರಿಂದ, ಸಾಕುವವರು ಅರಣ್ಯ ಇಲಾಖೆಯ ನೋಂದಣಿ ನಿಯಮ ವಿಚಾರಿಸಿಕೊಳ್ಳಬೇಕು.

ಮುಂದೆ ಕಳಿಸುವ ಮುನ್ನ

ವಿನೊಗ್ರಾಡ್‌ಸ್ಕಿಯ ಹೆಸರು ಇಂದಿಗೂ ಶಾಲೆಗಳ ವಿಜ್ಞಾನ ಪ್ರಯೋಗದಲ್ಲಿ ಉಳಿದಿದೆ. ಕೆರೆಯ ಕೆಸರು, ಚೂರು ಕಾಗದ, ಸ್ವಲ್ಪ ಗಂಧಕದ ಅಂಶವನ್ನು ಗಾಜಿನ ಉದ್ದ ಪಾತ್ರೆಯಲ್ಲಿ ತುಂಬಿ ಬೆಳಕಿಗೆ ಇಟ್ಟರೆ, ವಾರಗಳಲ್ಲಿ ಹಸಿರು, ಕೆಂಪು, ಕಪ್ಪು ಪದರಗಳು ತಾವಾಗಿಯೇ ಮೂಡುತ್ತವೆ. ಪ್ರತಿ ಪದರದಲ್ಲೂ ಬೇರೆ ಬೇರೆ ಬ್ಯಾಕ್ಟೀರಿಯಾಗಳ ಸಂಸಾರ. ಇದನ್ನು ವಿನೊಗ್ರಾಡ್‌ಸ್ಕಿ ಕಾಲಮ್ ಎನ್ನುತ್ತಾರೆ. ಅದನ್ನು ಮಾಡುವವರಿಗಿರುವ ನಿಯಮ ಒಂದೇ, ಕಲಕದೆ ಕಾಯಬೇಕು.

ಟ್ಯಾಂಕಿಗೂ ಅದೇ ನಿಯಮ. ಹೊಳೆಯುವಂತೆ ತೊಳೆದ ಟ್ಯಾಂಕಿಗಿಂತ ಹಳೆಯ, ಜಿಡ್ಡುಗಟ್ಟಿದ ಸ್ಪಂಜಿನ ಟ್ಯಾಂಕ್ ಪ್ರಾಣಿಗೆ ಸುರಕ್ಷಿತ. ನೀರು ಹೇಗೆ ಕಾಣುತ್ತದೆ ಎಂದು ನೋಡಬೇಡಿ, ಅದರಲ್ಲಿ ಏನಿದೆ ಎಂದು ಪರೀಕ್ಷಿಸಿ. ವಾರಕ್ಕೊಮ್ಮೆ ಪೂರ್ತಿ ತೊಳೆಯಿರಿ ಎಂಬ ಸಲಹೆ ನಿಮ್ಮ ಗ್ರೂಪಿಗೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಈ ಕಥೆ ಕಳಿಸಿ. ಯಾರದೋ ಮನೆಯ ತಿಳಿನೀರಿನಲ್ಲಿ ಒಂದು ಜೀವ ಉಳಿಯಬಹುದು.